ಬಣ್ಣ ಆಮೇಲೆ, ಅಂಟು ಮೊದಲು: ಅಂಟಿಸುವ ಉಗುರುಗಳಲ್ಲಿ ಯಾವುದು ಯಾರಿಗೆ

ಬೆಳಗಾವಿಯ ಗಣಪತ ಗಲ್ಲಿಯಲ್ಲಾಗಲಿ, ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ನಲ್ಲಾಗಲಿ, ಬಾಗಲಕೋಟೆಯ ನವನಗರದಲ್ಲಾಗಲಿ ಬಳೆ, ಟಿಕಳಿ, ಕ್ಲಿಪ್ಪು ಮಾರುವ ಅಂಗಡಿಗೆ ಹೋದರೆ ಅಂಟಿಸುವ ಉಗುರಿನ ಪಾಕೀಟುಗಳು ಸಾಲಾಗಿ ತೂಗುತ್ತಿರುತ್ತವೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಉದ್ದ ನೋಡುತ್ತಾರೆ, ಮೇಲೆ ಕೂರಿಸಿದ ಹರಳು ನೋಡುತ್ತಾರೆ. ಒಳಗಿರುವ ಅಂಟು ಯಾವುದೆಂದು ಕೇಳುವವರು ಕಡಿಮೆ. "ಹಚ್ಚಿದ ಮರುದಿನಾನ ಎರಡು ಬಿದ್ದು ಹ್ವಾದ್ವು" ಅನ್ನುವ ದೂರಿಗೂ, "ತೆಗೀವಾಗ ನನ್ನ ಉಗುರಿನ ಸಿಪ್ಪೀನ ಎದ್ದು ಬಂತು" ಅನ್ನುವ ದೂರಿಗೂ ಸಾಮಾನ್ಯವಾಗಿ ಮೂಲ ಒಂದೇ. ಕೈ ಮಾಡುವ ಕೆಲಸಕ್ಕೂ ಆರಿಸಿದ ಅಂಟಿಗೂ ತಾಳೆಯಾಗಿರುವುದಿಲ್ಲ.

ಆದ್ದರಿಂದ ಈ ಹೋಲಿಕೆಯನ್ನು ಅಂಟಿನಿಂದಲೇ ಶುರು ಮಾಡುತ್ತೇವೆ. ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆಗೆ ಉತ್ತರ ಗೊತ್ತಿರಲಿ: ಉಗುರು ಎಷ್ಟು ದಿನ ಕೈಮೇಲಿರಬೇಕು? ಆ ದಿನಗಳಲ್ಲಿ ಕೈ ಎಷ್ಟು ಹೊತ್ತು ನೀರಿನಲ್ಲಿ, ಹಿಟ್ಟಿನಲ್ಲಿ ಇರುತ್ತದೆ? ತೆಗೆಯುವ ದಿನ ಅರ್ಧ ಗಂಟೆ ಬಿಡುವು ಸಿಗುತ್ತದೆಯೇ? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ, ಉಗುರು ಹಾಳಾಗುವುದು ಮಾತ್ರ ಅದೇ ದಿನ.

ಜೆಲ್ಲಿ ಟ್ಯಾಬ್, ದ್ರವ ಅಂಟು, ಜೆಲ್ ಅಂಟು

ಪಾರದರ್ಶಕ ಹಾಳೆಯ ಮೇಲೆ ಉಗುರಿನಾಕಾರದಲ್ಲಿ ಕತ್ತರಿಸಿ ಕೊಟ್ಟಿರುವ ಮೆತ್ತನೆಯ ಅಂಟುಪಟ್ಟಿಗೆ ಜೆಲ್ಲಿ ಟ್ಯಾಬ್ ಎನ್ನುತ್ತಾರೆ. ಎರಡೂ ಕಡೆ ಅಂಟುತ್ತದೆ. ಇದರಲ್ಲಿ ಒಣಗುವ, ಗಟ್ಟಿಯಾಗುವ ರಾಸಾಯನಿಕ ಕ್ರಿಯೆ ಏನೂ ಇಲ್ಲ. ಒತ್ತಡ ಬಿದ್ದಾಗ ಹಿಡಿಯುತ್ತದೆ, ಅಷ್ಟೇ. ಒಂದು ದಿನಕ್ಕೆ ಧೈರ್ಯವಾಗಿ ನಂಬಬಹುದು, ಜೋಪಾನ ಮಾಡಿದರೆ ಎರಡು ಮೂರು ದಿನ ಬರುತ್ತದೆ. ತೆಗೆಯುವುದು ಸುಲಭ, ನಿಮ್ಮ ಉಗುರಿಗೆ ಪೆಟ್ಟು ಕಡಿಮೆ, ಅದೇ ಸೆಟ್ಟನ್ನು ಮೂರು ನಾಲ್ಕು ಸಲ ಮತ್ತೆ ಹಾಕಿಕೊಳ್ಳಬಹುದು. ಕಾಲೇಜಿನ ಗ್ಯಾದರಿಂಗ್, ಒಂದು ಮದುವೆ, ಒಂದು ಫೋಟೋ ಇಷ್ಟಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಸಣ್ಣ ಟ್ಯೂಬಿನಲ್ಲೋ ಬ್ರಷ್ ಇರುವ ಪುಟ್ಟ ಶೀಶೆಯಲ್ಲೋ ಬರುವ ನೇಲ್ ಗ್ಲೂ. ಇದು ಸಯನೋಅಕ್ರಿಲೇಟ್ ಜಾತಿಯ ಅಂಟು. ಗಾಳಿಯಲ್ಲಿ ಮತ್ತು ಉಗುರಿನ ಮೇಲಿರುವ ತುಸು ತೇವಾಂಶವೇ ಇದನ್ನು ಗಟ್ಟಿ ಮಾಡುತ್ತದೆ. ಸರಿಯಾಗಿ ಹಾಕಿದರೆ ಐದರಿಂದ ಹತ್ತು ದಿನ ಹಿಡಿಯುತ್ತದೆ. ಕಿರಾಣಿ ಅಂಗಡಿಯ ಸೂಪರ್ ಗ್ಲೂ ಕೂಡ ಇದೇ ಜಾತಿಯದಲ್ಲವೇ ಎಂದು ಕೇಳುವವರಿದ್ದಾರೆ. ಜಾತಿ ಹೌದು, ಆದರೆ ಅದು ನೀರಿನಂತೆ ತೆಳ್ಳಗಿದ್ದು ಚರ್ಮದ ಸಂದಿಗೆ ಓಡುತ್ತದೆ, ಗಟ್ಟಿಯಾದ ಮೇಲೆ ಗಾಜಿನ ಹಾಗೆ ಪಟ್ಟನೆ ಒಡೆಯುತ್ತದೆ. ಉಗುರಿಗೆಂದೇ ಮಾಡಿದ್ದರಲ್ಲಿ ಮಂದ ಮಾಡುವ ಪದಾರ್ಥ ಬೆರೆಸಿರುತ್ತಾರೆ, ಹಾಕಿದಲ್ಲೇ ನಿಲ್ಲುತ್ತದೆ. ಚಪ್ಪಲಿ ಹಚ್ಚುವ ಅಂಟು ಚಪ್ಪಲಿಗಿರಲಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಅಂಟು ಹತ್ತಿಯ ಮೇಲೆ, ಹತ್ತಿ ಬಟ್ಟೆಯ ಮೇಲೆ ಬಿದ್ದರೆ ರಭಸದಿಂದ ಗಟ್ಟಿಯಾಗುತ್ತ ಚುರುಕ್ ಎನ್ನುವಷ್ಟು ಬಿಸಿಯಾಗುತ್ತದೆ. ಚೆಲ್ಲಿದ ಅಂಟನ್ನು ಹತ್ತಿ ಉಂಡೆಯಿಂದ ಒರೆಸಲು ಹೋಗಿ ಬೆರಳು ಸುಟ್ಟುಕೊಳ್ಳುವುದು ಹೀಗೆ. ತೊಡೆಯ ಮೇಲೆ ಚೂಡಿದಾರದ ಮೇಲೆ ಚೆಲ್ಲಿದರೂ ಅದೇ ಪಾಡು. ಅಂಟು ಹಚ್ಚುವಾಗ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ, ಮಕ್ಕಳು ಕೈಗೆ ಎಟುಕದಷ್ಟು ದೂರದಲ್ಲಿರಲಿ. ಎರಡು ಬೆರಳು ಅಂಟಿಕೊಂಡರೆ ಜಗ್ಗಬೇಡಿ. ಬೆಚ್ಚನೆಯ ಸೋಪಿನ ನೀರಿನಲ್ಲಿ ಇಟ್ಟು ಹೊರಳಿಸುತ್ತ ಬಿಡಿಸಿ. ಕಣ್ಣಿಗೆ ಸಿಡಿದರೆ ಉಜ್ಜದೆ ನೀರು ಹಾಕುತ್ತ ನೇರ ಕಣ್ಣಿನ ಡಾಕ್ಟರ ಬಳಿ ಹೋಗಿ.

ಮೂರನೆಯದು ಜೆಲ್ ಅಂಟು. ತಾನಾಗಿ ಒಣಗುವುದಿಲ್ಲ, ಯುವಿ–ಎಲ್‌ಇಡಿ ದೀಪದ ಕೆಳಗೆ ಹಿಡಿದರೆ ಗಟ್ಟಿಯಾಗುತ್ತದೆ. ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳುತ್ತದೆ. ದೀಪ, ಜೆಲ್, ಅದಕ್ಕೊಪ್ಪುವ ಪಾರದರ್ಶಕ ಉಗುರು ಮೂರನ್ನೂ ಒಟ್ಟಿಗೆ ಕೊಳ್ಳಬೇಕಾದ್ದರಿಂದ ಮೊದಲ ಖರ್ಚು ಜಾಸ್ತಿ.

ಜೆಲ್‌ನಲ್ಲಿ ತಪ್ಪುವುದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಗಾಢ ಬಣ್ಣದ, ಹರಳಿನ, ಪ್ರಿಂಟಿನ ಮಾಮೂಲಿ ಪ್ಲಾಸ್ಟಿಕ್ ಉಗುರನ್ನು ಜೆಲ್ ಅಂಟಿನಿಂದ ಹಚ್ಚಿದರೆ ದೀಪದ ಬೆಳಕು ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ಅಂಚು ಗಟ್ಟಿಯಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಮುಟ್ಟಿದರೆ ಕೂತಂತೆಯೇ ಇರುತ್ತದೆ. ಎರಡು ದಿನದಲ್ಲಿ ಜಾರುತ್ತದೆ. ಜಾರುವುದಕ್ಕಿಂತ ದೊಡ್ಡ ತೊಂದರೆಯೆಂದರೆ ಹಸಿ ಜೆಲ್ ಚರ್ಮಕ್ಕೆ ಹತ್ತುತ್ತಿರುತ್ತದೆ. ಜೆಲ್‌ನಲ್ಲಿರುವ ಅಕ್ರಿಲೇಟು ಎಂಬ ರಾಸಾಯನಿಕ ಹಸಿಯಾಗಿ ಮತ್ತೆ ಮತ್ತೆ ಚರ್ಮಕ್ಕೆ ತಗುಲಿದರೆ ಅಲರ್ಜಿ ಹುಟ್ಟಬಹುದು. ಉಗುರಿನ ಸುತ್ತ ತುರಿಕೆ, ನೀರುಗುಳ್ಳೆ, ಕೆಲವರಿಗೆ ಮುಖದ ಮೇಲೂ ಕೆಂಪು. ಒಮ್ಮೆ ಬಂದರೆ ಅದು ಹೋಗುವುದಿಲ್ಲ. ಹಲ್ಲಿನ ಡಾಕ್ಟರು ಬಳಸುವ ಕೆಲವು ಸಾಮಗ್ರಿಯೂ ಇದೇ ಬಳಗದ್ದಾದ್ದರಿಂದ ಮುಂದೆ ಅಲ್ಲಿಯೂ ಅಡ್ಡಿ ಬರಬಹುದು. 2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಮನೆಯಲ್ಲೇ ಜೆಲ್ ಹಚ್ಚಿಕೊಳ್ಳುವವರಿಗೆ ಇದೇ ಎಚ್ಚರಿಕೆ ಕೊಟ್ಟಿತ್ತು. ಡಬ್ಬಿಯ ಮೇಲೆ ಟಿಪಿಒ ಎಂಬ ಹೆಸರಿದೆಯೇ ನೋಡಿ. ಜೆಲ್ ಗಟ್ಟಿಯಾಗಲು ನೆರವಾಗುವ ಈ ಪದಾರ್ಥವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಯಲ್ಲಿ ನಿಷೇಧಿಸಿದೆ. ಅದಿಲ್ಲದ ಜೆಲ್‌ಗಳು ಈಗ ಸಿಗುತ್ತವೆ, ಅದನ್ನೇ ಕೊಳ್ಳಿ.

ಜೆಲ್ ಬೇಕೇ ಬೇಕೆಂದರೆ: ಪಾರದರ್ಶಕ ಸಾಫ್ಟ್ ಜೆಲ್ ಉಗುರನ್ನೇ ಕೊಳ್ಳಿ. ಅಂಟು ಚರ್ಮಕ್ಕೆ ತಾಗದಂತೆ ಹಚ್ಚಿ. ಒಂದೊಂದು ಬೆರಳನ್ನೂ ಮೊದಲು ಹತ್ತು ಹದಿನೈದು ಸೆಕೆಂಡು ಹಿಡಿದು ಕೂರಿಸಿ, ಆಮೇಲೆ ಪೂರ್ತಿ 60 ಸೆಕೆಂಡು ಅಥವಾ ಡಬ್ಬಿಯಲ್ಲಿ ಬರೆದಷ್ಟು ಹೊತ್ತು ದೀಪದ ಕೆಳಗಿಡಿ. ಬಣ್ಣ ಬೇಕಿದ್ದರೆ ಅದು ಆದ ಮೇಲೆ. ನಡುವೆ ಕರೆಂಟ್ ಹೋದರೆ ಅರ್ಧಕ್ಕೆ ಬಿಡಬೇಡಿ, ಬಂದ ಮೇಲೆ ಮೊದಲಿನಿಂದ ಪೂರ್ತಿ ಹೊತ್ತು ಹಿಡಿಯಿರಿ. ಎರಡು ಸಲವಾದರೆ ನಷ್ಟವಿಲ್ಲ, ಕಡಿಮೆಯಾದರೆ ಇದೆ. ಹೆಬ್ಬೆರಳು ದೀಪದೊಳಗೆ ಅಡ್ಡ ಮಲಗುವುದರಿಂದ ಅದನ್ನು ಬೇರೆಯಾಗಿಯೇ ಹಿಡಿಯಬೇಕು.

ಉಗುರು ಯಾವುದು

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪಾಕೀಟುಗಳು ಎಬಿಎಸ್ ಪ್ಲಾಸ್ಟಿಕ್ಕಿನವು. 24 ಉಗುರು, ಹತ್ತು ಹನ್ನೆರಡು ಅಳತೆ. ಒಳಬದಿಯಲ್ಲಿ ಚಿಕ್ಕದಾಗಿ ಸಂಖ್ಯೆ ಅಚ್ಚೊತ್ತಿರುತ್ತದೆ, ಸಾಮಾನ್ಯವಾಗಿ 0 ಎಲ್ಲಕ್ಕಿಂತ ದೊಡ್ಡದು. ಗಟ್ಟಿ, ಅಗ್ಗ, ಕತ್ತರಿಸಿ ಅರದಿಂದ ತಿದ್ದಲು ಬರುತ್ತದೆ. ಸಾಫ್ಟ್ ಜೆಲ್ ಉಗುರು ಇದಕ್ಕಿಂತ ತೆಳು, ಬಾಗುತ್ತದೆ, ಕೈಮೇಲೆ ಭಾರ ಅನ್ನಿಸುವುದಿಲ್ಲ. ಕೈಯಿಂದ ಬಣ್ಣ ಬಿಡಿಸಿ ಮಾರುವ ಸೆಟ್ಟುಗಳು ಸಾಮಾನ್ಯವಾಗಿ ಸಾಫ್ಟ್ ಜೆಲ್ ಮೇಲೆ ಹಲವು ಪದರ ಜೆಲ್ ಪಾಲಿಶ್ ಹಚ್ಚಿದವು. ಬೆಲೆ ನಾಲ್ಕೈದು ಪಟ್ಟು, ಆದರೆ ಟ್ಯಾಬ್ ಹಚ್ಚಿ ಜೋಪಾನವಾಗಿ ತೆಗೆದಿಟ್ಟರೆ ಹತ್ತಾರು ಸಲ ಬರುತ್ತದೆ. ವರ್ಷಕ್ಕೆ ಎರಡೇ ಸಲ ಹಾಕಿಕೊಳ್ಳುವವರಿಗೆ ಅಗ್ಗದ್ದೇ ಸಾಕು.

ಪಾಕೀಟನ್ನು ತಿರುಗಿಸಿ ಎರಡು ನೋಡಿ. ಬುಡದ ಅಂಚು ಕಾಗದದಷ್ಟು ತೆಳ್ಳಗಿರಬೇಕು. ದಪ್ಪ ಅಂಚಿನ ಉಗುರು ಮೆಟ್ಟಿಲಿನ ಹಾಗೆ ಎದ್ದು ನಿಂತು ಕೂದಲಿಗೆ, ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಬಾಗು. ನಿಮ್ಮ ಉಗುರು ಚಪ್ಪಟೆಯಾಗಿದ್ದು ಪ್ಲಾಸ್ಟಿಕ್ ಉಗುರು ಕೊಳವೆಯಂತೆ ಬಾಗಿದ್ದರೆ ಅಂಟು ಎಷ್ಟೇ ಬಲವಾಗಿರಲಿ, ಅದು ತನ್ನ ಆಕಾರಕ್ಕೆ ಮರಳಲು ಹವಣಿಸುತ್ತಲೇ ಇರುತ್ತದೆ. ಎರಡೂ ಬದಿ ಚಿವುಟಿದ ಹಾಗೆ ನೋವು, ಮೂರನೇ ದಿನ ಬದಿಯಿಂದ ಬಿಡಲು ಶುರು. ಇಂಥದ್ದನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಬಿಟ್ಟು, ಹೊರತೆಗೆದು ಬೆರಳಿನಿಂದ ಅಗಲಿಸಿ ತಣಿಯುವ ತನಕ ಹಿಡಿದರೆ ತೆಳು ಉಗುರುಗಳು ತುಸು ಹದಕ್ಕೆ ಬರುತ್ತವೆ. ದಪ್ಪದವು ಬರುವುದಿಲ್ಲ.

ಅಳತೆಗೆ ಒಂದು ಉಪಾಯ: ಸೆಲ್ಲೋಟೇಪಿನ ಚೂರನ್ನು ಉಗುರಿನ ಅಗಲಕ್ಕೆ ಅಡ್ಡ ಅಂಟಿಸಿ, ಎರಡು ಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಟೇಪನ್ನು ಸ್ಕೇಲಿನ ಮೇಲೆ ಅಂಟಿಸಿದರೆ ಮಿಲಿಮೀಟರ್ ಲೆಕ್ಕ ಸಿಗುತ್ತದೆ. ಎರಡೂ ಕೈಯ ಹತ್ತೂ ಬೆರಳಿಗೆ ಮಾಡಿ. ಬಲಗೈ ಹೆಬ್ಬೆರಳು ಎಡಗೈಗಿಂತ ಅಗಲವಿರುವುದು ಮಾಮೂಲು. ಆನ್‌ಲೈನಿನಲ್ಲಿ ಎಸ್, ಎಂ, ಎಲ್ ಎಂದಷ್ಟೇ ಬರೆದಿರುವುದನ್ನು ನಂಬಬೇಡಿ, ಒಬ್ಬೊಬ್ಬರದು ಒಂದೊಂದು ಅಳತೆ. ಎರಡು ಅಳತೆಯ ನಡುವೆ ಸಿಕ್ಕರೆ ದೊಡ್ಡದನ್ನು ತೆಗೆದುಕೊಂಡು ಬದಿಯನ್ನು ಅರದಿಂದ ಇಳಿಸಿ. ಚಿಕ್ಕದನ್ನು ಹಚ್ಚಿದರೆ ಬದಿಯಲ್ಲಿ ಉಳಿದ ಸಂದಿಗೆ ನೀರು ಇಳಿಯುತ್ತದೆ. ತೀರ ದೊಡ್ಡದನ್ನು ಚರ್ಮದ ಮೇಲೆ ಹಚ್ಚಿದರೆ ಬೆರಳು ಮಡಚಿದಾಗಲೆಲ್ಲ ಚರ್ಮವೇ ಅದನ್ನು ಎತ್ತುತ್ತದೆ.

ಅಂಟಿಸುವ ರಾತ್ರಿ

ಊಟವಾಗಿ, ಭಾಂಡೆ ತೊಳೆದಾದ ಮೇಲೆ ಕೂಡಿರಿ. ಹಗಲು ಹಚ್ಚಿ ಸಂಜೆ ಪಾತ್ರೆಗೆ ಕೈ ಹಾಕಿದರೆ ಅರ್ಧ ಶ್ರಮ ನೀರಿಗೆ ಹೋಯಿತು. ದ್ರವ ಅಂಟು ಅರ್ಧ ನಿಮಿಷದಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು ಒಂದು ದಿನ ಬೇಕು. ಮೊದಲ ಎರಡು ಗಂಟೆ ನೀರು ಮುಟ್ಟಲೇಬಾರದು.

ಕೈಯನ್ನು ಸೋಪು ಹಾಕಿ ತೊಳೆದು ಹತ್ತು ಹದಿನೈದು ನಿಮಿಷ ಚೆನ್ನಾಗಿ ಆರಲು ಬಿಡಿ. ಉಗುರು ನೀರು ಕುಡಿದು ಸ್ವಲ್ಪ ಉಬ್ಬಿರುತ್ತದೆ. ಉಬ್ಬಿದ್ದರ ಮೇಲೆ ಹಚ್ಚಿದರೆ ಅದು ಒಣಗಿ ಕುಗ್ಗಿದಾಗ ಅಂಟು ಬಿಡುತ್ತದೆ. ಉಗುರಿನ ಬುಡದಲ್ಲಿ ಮೇಲೆ ಹತ್ತಿರುವ ತೆಳು ಪೊರೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಕತ್ತರಿಸಬೇಡಿ. ನಿಮ್ಮ ಸ್ವಂತ ಉಗುರನ್ನು ಸಣ್ಣಗೆ ಕತ್ತರಿಸಿ. ದ್ರವ ಅಂಟಿಗಾದರೆ ನುಣುಪಾದ ಬಫರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಒಂದೊಂದು ಉಗುರಿಗೆ ನಾಲ್ಕೈದು ಎಳೆತ ಸಾಕು. ಪ್ಲಾಸ್ಟಿಕ್ ಉಗುರಿನ ಒಳಬದಿಯ ಹೊಳಪನ್ನೂ ಹಾಗೆಯೇ ಕೆಡಿಸಿ. ಟ್ಯಾಬಿಗೆ ಇದು ತಿರುಗುಮುರುಗು. ಮೆತ್ತನೆಯ ಅಂಟು ನುಣುಪಾದ ಮೈಗೇ ಚೆನ್ನಾಗಿ ಹತ್ತುತ್ತದೆ, ಉಜ್ಜುವುದು ಬೇಡ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು, ಎಣ್ಣೆ ತೆಗೆಯುವುದು. ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಅದರ ಪುಟ್ಟ ಒರೆಸುವ ಪಟ್ಟಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಪ್ರತಿ ಉಗುರನ್ನೂ ಬದಿಯ ಸಂದಿಯವರೆಗೆ ಒರೆಸಿ. ಘಮಘಮಿಸುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಕೈ ಮೆತ್ತಗಾಗಲೆಂದು ಗ್ಲಿಸರಿನ್ ಹಾಕಿರುತ್ತಾರೆ. ಒರೆಸಿದ ಮೇಲೆ ತಲೆ ಮುಟ್ಟಿಕೊಳ್ಳಬೇಡಿ. ಕೂದಲಿನ ಕೊಬ್ಬರಿ ಎಣ್ಣೆ ಒಂದು ಬೆರಳಿಗೆ ಹತ್ತಿದರೂ ಮರುದಿನ ಆ ಉಗುರೇ ಬೀಳುತ್ತದೆ.

ಅಂಟು ಹಚ್ಚುವ ಮೊದಲು ಹತ್ತೂ ಉಗುರನ್ನು ಬೆರಳಿನ ಕ್ರಮದಲ್ಲಿ ಸಾಲಾಗಿ ಇಟ್ಟುಕೊಳ್ಳಿ. ಕಿರುಬೆರಳಿನಿಂದ ಶುರು ಮಾಡಿ ಹೆಬ್ಬೆರಳನ್ನು ಕೊನೆಗೆ ಬಿಡಿ. ಹೆಬ್ಬೆರಳಿಗೆ ಮೊದಲೇ ಹಚ್ಚಿದರೆ ಉಳಿದದ್ದನ್ನು ಹಿಡಿಯಲು ಕಷ್ಟ. ನಿಮ್ಮ ಉಗುರಿನ ಮೇಲೆ ತೆಳ್ಳನೆಯ ಒಂದು ಪದರ, ಪ್ಲಾಸ್ಟಿಕ್ ಉಗುರಿನ ಒಳಗೆ ಬುಡದ ಕಡೆ ಒಂದೇ ಹನಿ. ಬುಡವನ್ನು ಮೊದಲು ಓರೆಯಾಗಿ ಕೂರಿಸಿ ತುದಿಯ ಕಡೆಗೆ ನಿಧಾನವಾಗಿ ಒತ್ತುತ್ತ ಬನ್ನಿ, ಗಾಳಿ ಮುಂದಕ್ಕೆ ಹೋಗುತ್ತದೆ. ಒಮ್ಮೆಲೇ ಚಪ್ಪಟೆ ಒತ್ತಿದರೆ ನಡುವೆ ಗುಳ್ಳೆ ಉಳಿದು ಅಲ್ಲಿಯೇ ನೀರು ಕೂರುತ್ತದೆ. ಮೂವತ್ತು ಸೆಕೆಂಡು ಅಲುಗಾಡಿಸದೆ ಒತ್ತಿ ಹಿಡಿಯಿರಿ. ಬುಡದ ಚರ್ಮಕ್ಕೂ ಉಗುರಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಿ.

ಜಾಸ್ತಿ ಅಂಟು ಹಾಕಿದರೆ ಗಟ್ಟಿ ಎಂದು ತಿಳಿಯುವುದು ದೊಡ್ಡ ತಪ್ಪು. ದಪ್ಪ ಪದರದ ಹೊರಗು ಮೊದಲು ಗಟ್ಟಿಯಾಗಿ ಒಳಗು ತಡವಾಗುತ್ತದೆ. ಮೇಲಾಗಿ ಅದರ ಹಬೆ ಸುತ್ತಲ ಚರ್ಮದ ಮೇಲೆ, ಉಗುರಿನ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ. ಮಳೆಗಾಲದಲ್ಲಿ ಈ ಬಿಳುಪು ಇನ್ನೂ ಹೆಚ್ಚು.

ಟ್ಯಾಬಿಗೆ ಕೆಲಸ ಕಡಿಮೆ. ನಿಮ್ಮ ಉಗುರಿಗಿಂತ ಒಂದು ಗೆರೆ ಚಿಕ್ಕದಾದ ಟ್ಯಾಬ್ ಆರಿಸಿ ಉಗುರಿನ ಮೇಲೆ ಹಚ್ಚಿ, ಹೆಬ್ಬೆರಳಿನಿಂದ ಉಜ್ಜಿ ಬೆಚ್ಚಗೆ ಮಾಡಿ, ಮೇಲಿನ ಹಾಳೆ ತೆಗೆದು ಉಗುರು ಕೂರಿಸಿ. ಟ್ಯಾಬ್ ಚರ್ಮದ ಮೇಲೆ ಹೊರಚಾಚಿದರೆ ಅಲ್ಲಿ ಕೊಳೆ ಹತ್ತಿ ಕಪ್ಪು ಗೆರೆ ಕಾಣುತ್ತದೆ.

ರೊಟ್ಟಿ, ಮಳೆ, ಬಿಸಿಲು

ಪಾಕೀಟಿನ ಮೇಲೆ ಬರೆದ ದಿನಗಳ ಲೆಕ್ಕ ರೊಟ್ಟಿ ಬಡಿಯುವ ಕೈಗೆ ಹೊಂದುವುದಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದುವುದು, ಪರಾತದಲ್ಲಿ ಅಂಗೈಯಿಂದ ಬಡಿಯುತ್ತ ಬೆರಳ ತುದಿಯಿಂದ ತಿರುಗಿಸುವುದು, ಹಂಚಿನ ಮೇಲೆ ನೀರು ಸವರುವುದು. ಬಿಸಿ, ತೇವ, ಪೆಟ್ಟು ಮೂರೂ ಒಂದೇ ಹೊತ್ತಿನಲ್ಲಿ ಬೀಳುತ್ತವೆ. ಟ್ಯಾಬ್ ಆದರೆ ನಾದುವಾಗಲೇ ಜಾರುತ್ತದೆ. ದ್ರವ ಅಂಟು ನಾಲ್ಕೈದು ದಿನ ತಡೆದೀತು. ಉದ್ದ ಬೆರಳ ತುದಿಯಿಂದ ಎರಡು ಮೂರು ಮಿಲಿಮೀಟರ್ ದಾಟಿದರೆ ರೊಟ್ಟಿ ತಿರುಗಿಸುವಾಗ ಅಂಚಿಗೆ ತೂತು ಬೀಳುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ. ಉಗುರಿನ ಕೆಳಗೆ ಹೊಕ್ಕದ್ದು ಉಂಡೆಯಾಗಿ ಹೊರಗೆ ಬರದೆ ಅಲ್ಲಿಯೇ ಒಣಗಿ ಗಾರೆಯಾಗುತ್ತದೆ, ಆಮೇಲೆ ಕಡ್ಡಿಯಿಂದ ಕೆದಕುವುದೇ ಅಂಟಿಗೆ ಮುಳುವು. ದಿನಾ ರೊಟ್ಟಿ ಮಾಡುವವರು ಉಗುರು ಹಾಕಬಾರದು ಎಂದು ನಾವು ಹೇಳುವುದಿಲ್ಲ. ಬೆರಳ ತುದಿಗೆ ಸಮನಾದ, ದುಂಡನೆಯ, ಗಿಡ್ಡ ಉಗುರನ್ನು ದ್ರವ ಅಂಟಿನಿಂದ ಹಚ್ಚಿ, ನಾದಿದ ಕೂಡಲೆ ಹಿಟ್ಟು ಆರುವ ಮೊದಲೇ ಕೈ ತೊಳೆಯಿರಿ. ಅಥವಾ ಆ ನಾಲ್ಕು ದಿನಕ್ಕೆ ಖಡಕ್ ರೊಟ್ಟಿ ತಂದಿಟ್ಟುಕೊಳ್ಳಿ. ಪಂಚಮಿಗೆ ಉಂಡಿ ಕಟ್ಟುವವರಿಗೂ, ಜೋಕಾಲಿಯ ಹಗ್ಗ ಬಿಗಿಯಾಗಿ ಹಿಡಿಯುವವರಿಗೂ ಇದೇ ಮಾತು.

ಹವೆಯ ವಿಷಯದಲ್ಲಿ ನಮ್ಮ ಮೂರು ಜಿಲ್ಲೆ ಒಂದೇ ತರಹ ಇಲ್ಲ. ಬೆಳಗಾವಿ, ಖಾನಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಆರುವುದೇ ಕಡಿಮೆ. ಉಗುರು ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ಉಬ್ಬುವುದಿಲ್ಲ, ನಡುವಿನ ಅಂಟು ಎರಡೂ ಕಡೆ ಎಳೆಸಿಕೊಂಡು ಬಿರುಕು ಬಿಡುತ್ತದೆ. ಆಗ ಒಂದು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಟ್ಯಾಬ್ ಮೆತ್ತಗಾಗಿ, ಗಾಡಿಯ ಹ್ಯಾಂಡಲ್ ಬಿಗಿ ಹಿಡಿದಷ್ಟು ಹೊತ್ತೂ ಉಗುರು ಒಂದು ಬದಿಗೆ ಸರಿಯುತ್ತದೆ. ಆ ತಿಂಗಳಲ್ಲಿ ದ್ರವ ಅಂಟೇ ಮೇಲು. ಆದರೆ ಗಾಳಿ ತೀರ ಒಣಗಿದ್ದಾಗ ಅದು ಹಿಡಿಯುವುದು ತುಸು ನಿಧಾನ. ಇನ್ನೊಂದು ಹನಿ ಸುರಿಯುವ ಬದಲು ಇನ್ನೂ ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಜನವರಿಯ ಬೆಳಗಾವಿಯ ಚಳಿಯಲ್ಲಿ ಇದಕ್ಕೆ ಉಲ್ಟಾ: ಟ್ಯಾಬ್ ಬಿರುಸಾಗಿ ಹತ್ತುವುದೇ ಇಲ್ಲ. ಹಾಳೆಯನ್ನು ಅಂಗೈಯೊಳಗೆ ಎರಡು ನಿಮಿಷ ಬೆಚ್ಚಗಿಟ್ಟು ಹಚ್ಚಿ.

ಬಾಗಲಕೋಟೆಯ ಹೋಳಿ ದಿನಗಳಲ್ಲಿ ಬಿಳಿ, ತಿಳಿ ಗುಲಾಬಿ ಉಗುರು ಹಾಕಿಕೊಂಡರೆ ಅಂಚಿನ ಅಂಟು ಬಣ್ಣ ಹೀರಿ ಸುತ್ತಲೂ ಗೆರೆಯಾಗಿ ಉಳಿಯುತ್ತದೆ. ಗಾಢ ಬಣ್ಣದ್ದಿರಲಿ, ಇಲ್ಲವೇ ಬಣ್ಣ ಮುಗಿದ ಮೇಲೆ ಹಾಕಿಕೊಳ್ಳಿ.

ಮದುವೆ ಮನೆಯಲ್ಲಿ ಯಾವುದು ಮೊದಲು

ಕ್ರಮ ತಪ್ಪುವುದರಿಂದಲೇ ಮದುವೆ ಮನೆಯಲ್ಲಿ ಉಗುರು ಬೀಳುವುದು. ಬಳೆಗಾರರ ಮುಂದೆ ಕೂತು ಹಸಿರು ಬಳೆ ಇಡಿಸಿಕೊಳ್ಳುವಾಗ ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣು ಒತ್ತಿ, ಕೈ ಬಿಗಿಯಾಗಿದ್ದರೆ ಸೋಪು ಹಚ್ಚಿ ಬಳೆ ಏರಿಸುತ್ತಾರೆ. ಉಗುರು ಮೊದಲೇ ಇದ್ದರೆ ಅಲ್ಲಿಯೇ ಎರಡು ಹೋಗುತ್ತವೆ. ಬಳೆ ಮೊದಲು. ಅರಿಷಿಣವೂ ಉಗುರಿಗಿಂತ ಮೊದಲು. ಅರಿಷಿಣ ಹಚ್ಚಿದ ಮೇಲೆ ಎಣ್ಣೆ, ಕಡಲೆ ಹಿಟ್ಟು ಎಲ್ಲ ತೊಳೆದು ಒಂದು ರಾತ್ರಿ ಕಳೆಯಲಿ. ಮೆಹಂದಿಗೆ ನೀಲಗಿರಿ ಎಣ್ಣೆ, ಲಿಂಬು–ಸಕ್ಕರೆ ಹಚ್ಚುವುದರಿಂದ ಅದಾದ ಮೇಲೆ ಒಂದು ದಿನ ಬಿಟ್ಟು, ಉಗುರನ್ನು ಎರಡೆರಡು ಸಲ ಆಲ್ಕೋಹಾಲಿನಿಂದ ಒರೆಸಿ ಅಂಟಿಸಿ. ಚರ್ಮದ ಮೇಲೆ ಬಿದ್ದ ಅಂಟನ್ನು ಅಸಿಟೋನಿನಿಂದ ಉಜ್ಜಿದರೆ ಮೆಹಂದಿಯ ಬಣ್ಣವೂ ಅಲ್ಲಿ ಮಾಸುತ್ತದೆ, ಹಾಗಾಗಿ ಮೆಹಂದಿ ಕೈಗೆ ಬ್ರಷ್ ಶೀಶೆಯ ಅಂಟೇ ಒಳ್ಳೆಯದು.

ಹಚ್ಚಿದ ಮೇಲೆ ಅರಿಷಿಣ ತಾಗಿ ಬಿಳಿ ಉಗುರು ಹಳದಿಯಾದರೆ ಗಾಬರಿ ಬೇಡ. ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸೋಪಿನಿಂದ ತೊಳೆದು ಅಂಗಳದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೈಯಿಟ್ಟರೆ ತಿಳಿಯಾಗುತ್ತದೆ. ಮ್ಯಾಟ್ ಉಗುರು ಹೊಳಪಿನದಕ್ಕಿಂತ ಹೆಚ್ಚು ಕಲೆ ಹಿಡಿಯುತ್ತದೆ. ಮದುವೆಗೆ ಹೊಳಪಿನದನ್ನೇ ಆರಿಸಿ, ಮೇಲೊಂದು ಪದರ ಟಾಪ್ ಕೋಟ್ ಹಚ್ಚಿ.

ಇಳಕಲ್ ಸೀರೆ ಉಡುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಆ ಸೆರಗಿನ ರೇಷ್ಮೆ ಎಳೆ ಅಂಚು ಸರಿಯಿಲ್ಲದ ಉಗುರಿಗೆ ಸಿಕ್ಕರೆ ಸುರ್ರನೆ ಎದ್ದು ಬರುತ್ತದೆ, ಮತ್ತೆ ಕೂರಿಸಲು ಬರುವುದಿಲ್ಲ. ಹಚ್ಚಿದ ಮೇಲೆ ಪ್ರತಿ ಉಗುರಿನ ಬುಡ ಮತ್ತು ಬದಿಯನ್ನು ಹಳೆಯ ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿ. ಎಲ್ಲಿ ತೊಡಕುತ್ತದೆಯೋ ಅಲ್ಲಿ ನುಣುಪು ಅರದಿಂದ ತಿದ್ದಿ. ನೆರಿಗೆ ಹಿಡಿಯುವುದು ಸೀರೆ ಉಡಿಸುವವರಿಗೆ ಬಿಡಿ.

ತೆಗೆಯುವುದು

ಬಿಡಲು ಶುರುವಾದ ಉಗುರನ್ನು ಹಲ್ಲಿನಿಂದಲೋ ಇನ್ನೊಂದು ಉಗುರಿನಿಂದಲೋ ಮೀಟಿ ಕಿತ್ತರೆ ಅದರ ಜೊತೆಗೆ ನಿಮ್ಮ ಉಗುರಿನ ಮೇಲ್ಪದರ ಬರುತ್ತದೆ. ಬಿಳಿ ಚುಕ್ಕೆ, ಕಾಗದದಂಥ ತೆಳುತನ, ಬಿಸಿನೀರು ತಾಗಿದರೆ ಉರಿ. ಕೈ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುವುದರಿಂದ ಆ ಗಾಯ ತುದಿಗೆ ಬಂದು ಹೋಗಲು ನಾಲ್ಕರಿಂದ ಆರು ತಿಂಗಳು ಬೇಕು. ಆತುರಕ್ಕೆ ಇಷ್ಟು ದಂಡ.

ಟ್ಯಾಬಿನದಕ್ಕೆ ಬಟ್ಟಲಲ್ಲಿ ಬೆಚ್ಚನೆಯ ನೀರು, ಒಂದು ಚಮಚ ಕೊಬ್ಬರಿ ಎಣ್ಣೆ, ಭಾಂಡೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಹತ್ತು ನಿಮಿಷ ಕೈ ಅದ್ದಿ, ಬದಿಯಿಂದ ಮರದ ಕಡ್ಡಿ ತೂರಿಸಿ ಮೆಲ್ಲಗೆ ಎಬ್ಬಿಸಿ. ಬುಡದಿಂದ ಎಂದೂ ಎತ್ತಬೇಡಿ. ದ್ರವ ಅಂಟಿನದಕ್ಕೆ ಇದೇ ನೀರಿನಲ್ಲಿ ಇಪ್ಪತ್ತು ನಿಮಿಷ, ನಡುವೆ ನೀರು ಆರಿದರೆ ಬದಲಿಸಿ. ಬರದಿದ್ದರೆ ಅಂಚಿಗೆ ಅಸಿಟೋನ್ ಹನಿಸಿ ಐದು ನಿಮಿಷ ಕಾಯಿರಿ. ಅಸಿಟೋನ್ ಎಬಿಎಸ್ ಉಗುರನ್ನೇ ಕರಗಿಸಿ ಅಂಟಂಟು ಮುದ್ದೆ ಮಾಡುತ್ತದೆ, ಆದ್ದರಿಂದ ಮತ್ತೆ ಬಳಸುವ ಸೆಟ್ಟಾದರೆ ಎಣ್ಣೆನೀರಿನಲ್ಲಿಯೇ ತಾಳ್ಮೆಯಿಂದ ಬಿಡಿಸಿ. ಸಾಫ್ಟ್ ಜೆಲ್ಲಿಗೆ ಮೇಲಿನ ಹೊಳಪನ್ನು ಅರದಿಂದ ಕೆರೆದು, ಅಸಿಟೋನ್ ಅದ್ದಿದ ಹತ್ತಿ ಇಟ್ಟು, ಅಲ್ಯುಮಿನಿಯಂ ಹಾಳೆ ಸುತ್ತಿ ಹದಿನೈದು ನಿಮಿಷ ಬಿಡಬೇಕು. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲಿನ್ ಹಚ್ಚಿರಿ.

ಅಸಿಟೋನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ. ಅಡುಗೆ ಮನೆಯಲ್ಲಿ, ದೇವರ ದೀಪದ ಹತ್ತಿರ, ಊದಿನಕಡ್ಡಿ ಹಚ್ಚಿದ ಕೋಣೆಯಲ್ಲಿ ಬೇಡ. ಅಸಿಟೋನ್ ಬದಲು ಬಣ್ಣದ ಅಂಗಡಿಯ ಥಿನ್ನರ್ ಬಳಸುವುದು ಬೇಡವೇ ಬೇಡ, ಅದರಲ್ಲಿ ಬೇರೆ ಬೇರೆ ದ್ರಾವಕಗಳು ಕಲೆತಿರುತ್ತವೆ.

ತೆಗೆದ ಮೇಲೆ ಉಗುರಿನ ಮೇಲೆ ಹಸಿರು ಮಚ್ಚೆ ಕಂಡರೆ ಅದು ಬಣ್ಣದ ಕಲೆಯಾಗಿರಲಾರದು. ಬಿಟ್ಟ ಸಂದಿಯಲ್ಲಿ ನೀರು ನಿಂತು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದದ್ದು. ಅದರ ಮೇಲೆ ಮತ್ತೊಂದು ಉಗುರು ಹಚ್ಚಿ ಮುಚ್ಚಬೇಡಿ. ಉಗುರು ಗಿಡ್ಡ ಮಾಡಿ ಒಣಗಿಸಿ ಇಡಿ, ನೋವು ಬಾವು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕೇ ಒಂದು ಬದಿ ಬಿಟ್ಟ ಉಗುರಿಗೆ ಸಂದಿಯಲ್ಲಿ ಅಂಟು ಸುರಿದು ಮತ್ತೆ ಒತ್ತುವುದು ಕೆಟ್ಟ ಅಭ್ಯಾಸ. ಒಳಗಿನ ನೀರನ್ನು ಒಳಗೇ ಕೂಡಿಹಾಕಿದಂತೆ. ಪೂರ್ತಿ ತೆಗೆದು, ಒಣಗಿಸಿ, ಒರೆಸಿ, ಹೊಸದಾಗಿ ಹಚ್ಚಬೇಕು.

ಪಾರ್ಲರ್ ಎಕ್ಸ್‌ಟೆನ್ಷನ್ ಜೊತೆ ಹೋಲಿಸಿದರೆ

ಪಾರ್ಲರಿನ ಅಕ್ರಿಲಿಕ್ ಅಥವಾ ಜೆಲ್ ಎಕ್ಸ್‌ಟೆನ್ಷನ್ ಮೂರು ವಾರ ಅಲುಗಾಡುವುದಿಲ್ಲ, ಆಕಾರ ನಿಮ್ಮ ಬೆರಳಿಗೆ ತಕ್ಕಂತೆ ಬರುತ್ತದೆ. ಆದರೆ ಎರಡು ಮೂರು ವಾರಕ್ಕೊಮ್ಮೆ ಬುಡದಲ್ಲಿ ಬೆಳೆದ ಜಾಗ ತುಂಬಿಸಲು ಹೋಗಬೇಕು, ತೆಗೆಸಲೂ ಹೋಗಬೇಕು, ಪ್ರತಿ ಸಲ ದುಡ್ಡು. ಅಲ್ಲಿ ಮಷೀನಿನಿಂದ ಉಗುರನ್ನು ಉಜ್ಜುವವರ ಕೈ ಭಾರವಾದರೆ ಉಗುರು ತೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಸತತ ಉಗುರು ಬೇಕಿರುವವರಿಗೆ ಅದು ಸರಿ. ಹಬ್ಬ, ಮದುವೆ, ಗ್ಯಾದರಿಂಗಿಗೆ ಮಾತ್ರ ಬೇಕಿರುವವರಿಗೆ ಮನೆಯ ಪಾಕೀಟೇ ಲಾಭ. ಎರಡರ ನಡುವೆ ನಿಂತವರು ಮೊದಲು ದ್ರವ ಅಂಟಿನ ಗಿಡ್ಡ ಸೆಟ್ಟೊಂದನ್ನು ಒಂದು ವಾರ ಹಾಕಿ ನೋಡಿ. ಗುಂಡಿ ಹಾಕುವುದು, ಕಿವಿಯೋಲೆ ತಿರುಪು ಬಿಗಿ ಮಾಡುವುದು, ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳು ಚಪ್ಪಟೆ ಇಡುವುದು ನಿಮಗೆ ಒಗ್ಗುತ್ತದೆಯೋ ಇಲ್ಲವೋ ಆ ಏಳು ದಿನದಲ್ಲಿ ತಿಳಿಯುತ್ತದೆ.

ಕೆಲವರಿಗೆ ಯಾವುದೂ ಬೇಡ. ನರ್ಸಿಂಗ್ ಓದುವವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಸ್ವಚ್ಛತೆಯ ಮಾರ್ಗಸೂಚಿಯೇ ಹೇಳುತ್ತದೆ. ಎಷ್ಟು ತೊಳೆದರೂ ಅದರ ಕೆಳಗೆ ರೋಗಾಣು ಉಳಿಯುತ್ತದೆ. ಖಾನಾವಳಿಯಲ್ಲಿ ಅಡುಗೆ ಮಾಡುವವರಿಗೂ ಅದೇ ಮಾತು. ಉಗುರುಸುತ್ತು ಆಗಿರುವವರು, ಉಗುರಿಗೆ ಫಂಗಸ್ ಇರುವವರು ವಾಸಿಯಾಗುವ ತನಕ ತಡೆಯಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಚಿಕ್ಕ ಗಾಯವೂ ಬೇಗ ಮಾಯುವುದಿಲ್ಲ, ಹಾಕಿದರೂ ಒಂದು ದಿನದ ಟ್ಯಾಬ್ ಮಾತ್ರ. ಆಪರೇಷನ್ನಿಗೆ ಹೋಗುವವರು ಹಿಂದಿನ ದಿನವೇ ತೆಗೆಯಿರಿ, ರಕ್ತದ ಆಮ್ಲಜನಕ ನೋಡುವ ಕ್ಲಿಪ್ಪನ್ನು ಬೆರಳಿಗೇ ಹಾಕುತ್ತಾರೆ.

ಮತ್ತೆ ಬಳಸುವ ಸೆಟ್ಟಿನ ಒಳಬದಿಯ ಹಳೆಯ ಟ್ಯಾಬನ್ನು ಉಂಡೆ ಮಾಡುತ್ತ ಉಜ್ಜಿ ತೆಗೆದು, ಹಳೆಯ ದ್ರವ ಅಂಟನ್ನು ಅರದಿಂದ ಸಮ ಮಾಡಿ, ಆಲ್ಕೋಹಾಲಿನಿಂದ ಒರೆಸಿ ಆರಿಸಿ. ಒಬ್ಬರ ಸೆಟ್ಟು ಇನ್ನೊಬ್ಬರಿಗೆ ಬೇಡ, ಅಕ್ಕತಂಗಿಯರಾದರೂ. ಒಳಬದಿಯಲ್ಲಿ ಮಾರ್ಕರಿನಿಂದ ಎಡ–ಬಲ ಮತ್ತು ಬೆರಳಿನ ಗುರುತು ಹಾಕಿ, ಬಂದ ಡಬ್ಬಿಯಲ್ಲೇ ಅದೇ ಸಾಲಿನಲ್ಲಿ ಜೋಡಿಸಿಡಿ. ಅಂಟಿನ ಟ್ಯೂಬಿನ ಮೂತಿ ಒರೆಸಿ, ಮುಚ್ಚಳ ಬಿಗಿದು, ಬಿಸಿಲು ಬೀಳದ ಕಪಾಟಿನಲ್ಲಿ ನಿಲ್ಲಿಸಿಡಿ; ಮಲಗಿಸಿಟ್ಟರೆ ಮೂತಿಯಲ್ಲಿ ಗಟ್ಟಿಯಾಗಿ ಮುಂದಿನ ಸಲ ತೆರೆಯುವುದಿಲ್ಲ.